ಟ್ರೇ ಹಿಡಿದವಳು ಕೈ ನೋಡಿಲ್ಲವಂತೆ

ನರ್ಸಿಂಗ್ ಕಾಲೇಜಿನ ಮಾನ್ಯ ಪ್ರಾಂಶುಪಾಲರೇ,

ಬರುವ ಸೋಮವಾರ ನನ್ನ ರೂಮ್‌ಮೇಟ್ ಇಡೀ ಕ್ಲಾಸಿನ ಮುಂದೆ ನಿಂತು ಹಿರಿಯ ಸರ್ಜನ್ ಒಬ್ಬರ ಕ್ಷಮೆ ಕೇಳಬೇಕೆಂದು ನೀವು ಆದೇಶ ಹೊರಡಿಸಿದ್ದೀರಿ. ಕೇಳದಿದ್ದರೆ ಅವಳ ವಾರ್ಡ್ ಪೋಸ್ಟಿಂಗ್ ರದ್ದು, ಅಂದರೆ ಈ ವರ್ಷವೇ ಮಣ್ಣುಪಾಲು. ಒಬ್ಬ ರೋಗಿಯನ್ನು ಮುಟ್ಟಿದ ಗ್ಲೌಸ್‌ನಲ್ಲೇ ಇನ್ನೊಬ್ಬ ರೋಗಿಯ ಗಾಯ ಮುಟ್ಟಬೇಡಿ ಎಂದು ಅವರಿಗೆ ನೆನಪಿಸಿದ್ದೇ ಅವಳ ಅಪರಾಧ. ಈ ಆದೇಶ ನಿಂತಿರುವುದು ನನ್ನ ಸಾಕ್ಷಿಯ ಮೇಲೆ. ಆ ಸಾಕ್ಷಿ ಸುಳ್ಳು. ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಎರಡು ಸಲ ನಿಮ್ಮ ಕೊಠಡಿಯ ತನಕ ಬಂದು, ಹೊರಗಿನ ಬೆಂಚಿನಲ್ಲಿ ಬೆವರುತ್ತಾ ಕೂತು, ವಾಪಸ್ ಹೋದೆ. ಒಬ್ಬರ ಮುಂದೆ ಬಾಯಿ ಬಿಡಲಾರದವಳು ಪತ್ರಿಕೆಯಲ್ಲಿ ಊರಿಗೆಲ್ಲ ಹೇಳಲು ಹೊರಟಿದ್ದಾಳೆ. ದಯವಿಟ್ಟು ನಗಬೇಡಿ.

ಆ ದಿನ ರೌಂಡ್ಸ್‌ನಲ್ಲಿ ಡ್ರೆಸ್ಸಿಂಗ್ ಟ್ರೇ ಹಿಡಿದಿದ್ದವಳು ನಾನು. ಬಾಗಿಲ ಪಕ್ಕದ ಬೆಡ್‌ನವರ ಗಾಯದಲ್ಲಿ ಕೀವು ತುಂಬಿತ್ತು. ಸರ್ಜನ್ ಅದನ್ನು ಒತ್ತಿ ನೋಡಿ, ಕ್ಲೀನ್ ಮಾಡಿ, ಅದೇ ಗ್ಲೌಸ್‌ನಲ್ಲಿ ಪಕ್ಕದ ಬೆಡ್ಡಿಗೆ ತಿರುಗಿದರು. ಅಲ್ಲಿದ್ದವರು ಮೊಣಕಾಲಿನ ಆಪರೇಷನ್ ಆದ ಸ್ಕೂಲ್ ಬಸ್ ಡ್ರೈವರ್. ಹೊಲಿಗೆ ಒಣಗುತ್ತಾ ಬಂದಿತ್ತು, ಮಾರನೇ ದಿನ ಮನೆಗೆ ಹೋಗುವವರು. ನನ್ನ ರೂಮ್‌ಮೇಟ್ ಅವರ ಬ್ಯಾಂಡೇಜ್ ಬಿಚ್ಚಿ ಕಾಯುತ್ತಿದ್ದಳು. ಅವಳಿಗೆ ಕ್ಲಾಸಿನಲ್ಲಿ ಇಟ್ಟ ಹೆಸರು ‘ಮ್ಯೂಟ್’. ಹಾಜರಿ ಕೂಗುವಾಗ ಅವಳು ಹೇಳುವ ‘ಎಸ್ ಮ್ಯಾಮ್’ ಮುಂದಿನ ಬೆಂಚಿಗೂ ಕೇಳುವುದಿಲ್ಲ. ಅಂಥವಳು ಹೊಲಿಗೆಯ ಮೇಲೆ ತನ್ನ ಕೈ ಅಡ್ಡ ಇಟ್ಟು, “ಸರ್, ಗ್ಲೌಸ್” ಎಂದಳು. ಅಷ್ಟೇ. ಎರಡು ಪದ.

“ನೀನು ನನಗೆ ಪಾಠ ಹೇಳ್ತೀಯೇನಮ್ಮಾ?” ಎಂದರು ಅವರು.

ಡ್ರೈವರ್ ನಡುವೆ ಬಾಯಿ ಹಾಕಿದರು: “ಬಿಡಿ ಡಾಕ್ಟ್ರೇ, ಮಗು ಹೇಳ್ತು. ನನ್ನ ಬಸ್ಸಲ್ಲೂ ಹಿಂಗೇ, ಚಿಕ್ಕವೇ ಜಾಸ್ತಿ ಹೇಳೋದು, ಅಂಕಲ್ ಬ್ರೇಕು, ಅಂಕಲ್ ಬ್ರೇಕು ಅಂತ.”

ಪಕ್ಕದ ಬೆಡ್ಡುಗಳಲ್ಲಿ ಯಾರೋ ಕಿಸಕ್ಕೆಂದರು. ಸರ್ಜನ್ ಗ್ಲೌಸ್ ಕಿತ್ತು ಬಕೆಟ್ಟಿಗೆ ಎಸೆದು, ಕೈ ಉಜ್ಜಿಕೊಂಡು, ಹೊಸ ಜೋಡಿ ಹಾಕಿಕೊಂಡೇ ಹೊಲಿಗೆ ಮುಟ್ಟಿದರು. ಅವರು ಕೆಟ್ಟವರಲ್ಲ, ಅಂದು ಬೆಳಿಗ್ಗೆಯಿಂದ ಕೂತಿರಲೂ ಇಲ್ಲ. ಆದರೆ ಆ ನಗು ಅವರಿಗೆ ನಾಟಿತು. ಸಂಜೆಯೊಳಗೆ ದೂರು ನಿಮ್ಮ ಮೇಜಿನ ಮೇಲಿತ್ತು: ತಾನು ಹೇಗೂ ಗ್ಲೌಸ್ ಬದಲಾಯಿಸುವವನಿದ್ದೆ, ವಿದ್ಯಾರ್ಥಿನಿ ಸುಮ್ಮನೆ ಕೂಗಾಡಿ ರೋಗಿಗಳೆದುರು ಅವಮಾನ ಮಾಡಿದಳು. ಮ್ಯೂಟ್ ಕೂಗಾಡಿದಳಂತೆ.

ಪ್ರಾಂಶುಪಾಲರೇ, ಇನ್ಫೆಕ್ಷನ್ ಕಂಟ್ರೋಲ್ ತರಬೇತಿಯಲ್ಲಿ ಇದನ್ನು ನಮಗೆ ಕಲಿಸಿದವರು ಯಾರು? ಲ್ಯಾಬಿನಲ್ಲಿ ಪ್ಲಾಸ್ಟಿಕ್ ರೋಗಿಯ ಪಕ್ಕ ನೀವೇ ಡಾಕ್ಟರ್ ಪಾತ್ರ ಮಾಡಿ, ಬೇಕಂತಲೇ ಕೈ ತೊಳೆಯದೆ ಬಂದು, “ಯಾರು ನನ್ನನ್ನು ತಡೀತೀರಿ?” ಎಂದು ಸವಾಲು ಹಾಕಿದಿರಿ. ನಾನು ಚೆಂದದ ಇಂಗ್ಲಿಷಿನಲ್ಲಿ ತಡೆದೆ, ಎಲ್ಲರೂ ಚಪ್ಪಾಳೆ ತಟ್ಟಿದರು. ಮ್ಯೂಟ್ ತೊದಲಿದಳು, ಪಾಸಾಗಲಿಲ್ಲ. ತಡೆಯುವುದು ಎಲ್ಲರ ಹಕ್ಕು ಎಂದು ಅಲ್ಲೇ ಗೋಡೆಯ ಮೇಲೆ ಬರೆದಿದೆ. ‘ಎಲ್ಲರ’ ಎಂಬುದರಲ್ಲಿ ಮೊದಲ ವರ್ಷದವರು ಸೇರುವುದಿಲ್ಲ ಎಂದಾದರೆ ಆ ಮಾತನ್ನೂ ಕೆಳಗೆ ಬರೆಸಬಾರದಿತ್ತೇ? ಯಾರ ಕೈ ಹಿಡಿದು ಬರಬೇಕು, ಯಾರದನ್ನು ಬಿಡಬೇಕು ಎಂದು ರೋಗಾಣುಗಳಿಗೂ ಸೀನಿಯಾರಿಟಿ ಲಿಸ್ಟ್ ಕಳಿಸಿದ್ದೀರಾ?

ಮರುದಿನ ನನ್ನನ್ನು ಕರೆಸಿದಿರಿ. ಬಾಗಿಲು ಹಾಕಿಸಿದಿರಿ.

“ಅವಳು ಕೂಗಿದ್ಳಾ?”

“ಗೊತ್ತಿಲ್ಲ ಮ್ಯಾಮ್.”

“ಸರ್ ಗ್ಲೌಸ್ ಬದಲಾಯಿಸ್ದೇನೇ ಆ ಬೆಡ್ ಹತ್ರ ಹೋದ್ರಾ? ಯೋಚ್ನೆ ಮಾಡಿ ಹೇಳಮ್ಮ, ನಿಂಗಿನ್ನೂ ಮೂರು ವರ್ಷ ಇಲ್ಲೇ ಓದೋದಿದೆ.”

“ನಾನು ನೋಡಿಲ್ಲ ಮ್ಯಾಮ್. ಟ್ರೇ ಕಡೆ ನೋಡ್ತಿದ್ದೆ.”

ನೀವು ತಲೆಯಾಡಿಸಿ ಬರೆದುಕೊಂಡಿರಿ. “ಒಳ್ಳೇದು, ಹೋಗು,” ಎಂದಿರಿ.

ಅಂದಿನಿಂದ ನಾಚಿಕೆಯಾಗುತ್ತಿದೆ. ಸುಳ್ಳು ಹೇಳಿದ್ದಕ್ಕೆ ಮಾತ್ರ ಅಲ್ಲ, ಅಂಥ ಸುಳ್ಳು ಚಲಾವಣೆಯಾದದ್ದಕ್ಕೆ. ಟ್ರೇ ಹಿಡಿದವಳ ಕಣ್ಣು ಎಲ್ಲಿರಬೇಕು? ಡಾಕ್ಟರ ಮುಖದ ಮೇಲಲ್ಲ, ಟ್ರೇ ಮೇಲೂ ಅಲ್ಲ, ಅವರ ಕೈಯ ಮೇಲೆ. ಕೈ ಏನು ಮುಟ್ಟಿತು, ಮುಂದೆ ಏನು ಕೇಳುತ್ತದೆ ಎಂದು ನೋಡುವುದೇ ಅವಳ ಕೆಲಸ. ತರಬೇತಿಯ ಮೊದಲ ವಾರ ನೀವೇ ನನ್ನ ಗಲ್ಲ ಹಿಡಿದು ಮುಖ ತಿರುಗಿಸಿ, “ಕಣ್ಣು ಇಲ್ಲಿ,” ಎಂದು ತೋರಿಸಿಕೊಟ್ಟಿದ್ದಿರಿ. ಆ ಕೈ ನೋಡಿಲ್ಲ ಎಂದು ಟ್ರೇ ಹಿಡಿದವಳು ಹೇಳಿದರೆ ಒಂದೋ ಅವಳು ಕೆಲಸಕ್ಕೆ ಬಾರದವಳು, ಇಲ್ಲವೇ ಸುಳ್ಳುಬುರುಕಿ. ನೀವು ನನ್ನನ್ನು ಬೈಯಲಿಲ್ಲ. ಅಂದರೆ ಎರಡನೆಯದು ನಿಮಗೆ ಗೊತ್ತಿತ್ತು.

ನಾನು ಐದನೇ ಕ್ಲಾಸಿನಿಂದ ಹಾಸ್ಟೆಲ್ಲಿನಲ್ಲಿ ಬೆಳೆದವಳು. ಅಲ್ಲಿ ಪ್ರಾರ್ಥನೆಗಿಂತ ಮೊದಲು ಬಾಯಿಪಾಠ ಆಗುವುದು ‘ನಾನು ನೋಡಿಲ್ಲ ಮಿಸ್’. ಕಿಟಕಿ ಗಾಜು ಒಡೆದವರು ಯಾರು, ವಾರ್ಡನ್ ಚಪ್ಪಲಿ ಬಾವಿಗೆ ಎಸೆದವರು ಯಾರು, ಯಾರೂ ನೋಡಿಲ್ಲ ಮಿಸ್. ಇದನ್ನು ನೆಪವಾಗಿ ಹೇಳುತ್ತಿಲ್ಲ. ಅಲ್ಲಿ ನಾನು ಸುಮ್ಮನಿದ್ದರೆ ಒಂದು ಗಾಜು ಹೋಗುತ್ತಿತ್ತು, ಇಲ್ಲಿ ಒಬ್ಬರ ಕಾಲು ಹೋದೀತು. ಆ ವ್ಯತ್ಯಾಸ ನನಗೆ ಗೊತ್ತಿತ್ತು. ಗೊತ್ತಿದ್ದೂ ಅಂದು ವಾರ್ಡಿನಲ್ಲಿ ನಾನು ಬಾಯಿ ಬಿಡಲಿಲ್ಲ, ಅವಳು ಬಿಟ್ಟಳು. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, “ನಿನಗ್ಯಾಕೆ ಊರ ಉಸಾಬರಿ, ಓದಿಕೊಂಡು ಬಾ ಪುಟ್ಟೀ,” ಎಂದಳು. ಕೇಳಿ ಹಾಯೆನಿಸಿತು. ಹಾಯೆನಿಸಿದ್ದಕ್ಕೆ ಮತ್ತೆ ನಾಚಿಕೆಯಾಯಿತು.

ಇನ್ನೊಂದು ಮಾತನ್ನೂ ಬರೆಯಲೇಬೇಕು. ಕ್ಷಮಾಪಣೆ ಇಂಗ್ಲಿಷಿನಲ್ಲೇ ಇರಬೇಕು ಎಂದಿರಿ. ಮ್ಯೂಟ್ ಓದಿದ್ದು ಕನ್ನಡ ಮೀಡಿಯಂ. ನಿನ್ನೆ ಊಟದ ಹಾಲ್‌ನಲ್ಲಿ ನನ್ನ ಪಕ್ಕ ಬಂದು ಕೂತಳು.

“ನಿಂದು ಇಂಗ್ಲಿಷ್ ಚೆನ್ನಾಗಿದೆ ಅಲ್ವೇನೇ, ಇದೊಂಚೂರು ಬರ್ದುಕೊಡು. ನಾನು ಬರೆದ್ರೆ ಅದಕ್ಕೂ ಇನ್ನೊಂದ್ಸಲ ಕ್ಷಮೆ ಕೇಳ್ಬೇಕಾಗುತ್ತೆ.”

ಅವಳೇ ನಕ್ಕಳು. ನನ್ನ ಸಾಕ್ಷಿಯ ವಿಷಯ ಅವಳಿಗೆ ಗೊತ್ತಿಲ್ಲ. ನಾನು ಅವಳ ಪರ ಮಾತಾಡದ್ದಕ್ಕೆ, ‘ಅವಳೂ ಪಾಪ, ನೋಡಿರ್ಲಿಕ್ಕಿಲ್ಲ’ ಎಂದುಕೊಂಡಿದ್ದಾಳೆ. ನಾನು ಬರೆದುಕೊಟ್ಟೆ, ಪ್ರಾಂಶುಪಾಲರೇ. ಒಂದೂ ಸ್ಪೆಲ್ಲಿಂಗ್ ತಪ್ಪಿಲ್ಲದೆ, ಅವಳು ಮಾಡದ ತಪ್ಪಿಗೆ ಅವಳ ಬಾಯಲ್ಲಿ ಕ್ಷಮೆ ಕೇಳಿಸುವ ವಾಕ್ಯಗಳನ್ನು ಜೋಡಿಸಿಕೊಟ್ಟೆ. ಕೆಲವು ಪದ ಕಷ್ಟವಾಯಿತೆಂದು ಅವಳು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದಾಳೆ. ಇದನ್ನು ನಾನು ಬರೆಯುತ್ತಿರುವಾಗಲೂ ಆಚೆ ಮಂಚದಿಂದ ಅವಳ ಪಿಸುಪಿಸು ಕೇಳುತ್ತಿದೆ.

ಆದ್ದರಿಂದ ಕೇಳುತ್ತಿದ್ದೇನೆ. ಸೋಮವಾರದ ಆದೇಶವನ್ನು ರದ್ದು ಮಾಡಿ. ನನ್ನನ್ನು ಮತ್ತೆ ಕರೆಸಿ, ಬಾಗಿಲು ತೆರೆದಿಟ್ಟು, ಅವಳನ್ನೂ ಸರ್ಜನ್ ಅವರನ್ನೂ ಎದುರಿಗೆ ಕೂರಿಸಿ ಅದೇ ಪ್ರಶ್ನೆ ಕೇಳಿ. ನಾನು ನೋಡಿದ್ದೇನೆ. ಗ್ಲೌಸ್‌ನ ಬೆರಳ ತುದಿಯಲ್ಲಿದ್ದ ಕೀವನ್ನೂ ನೋಡಿದ್ದೇನೆ. ಒಬ್ಬರ ಪೋಸ್ಟಿಂಗ್ ಹೋಗಲೇಬೇಕು ಎಂದಿದ್ದರೆ ನನ್ನದು ತೆಗೆಯಿರಿ. ತೆಗೆಯಬೇಡಿ ಎಂದು ಮನಸ್ಸು ಬೇಡುತ್ತಲೇ ಇದೆ, ಅದನ್ನೂ ಮುಚ್ಚಿಡುವುದಿಲ್ಲ. ಈ ಪತ್ರ ಅಚ್ಚಾಗುವ ಮೊದಲು ಅವಳ ಮಂಚದ ಹತ್ತಿರ ಹೋಗಿ ಇದನ್ನು ನಾನೇ ಓದಿ ಹೇಳಬೇಕು. ನಿಮಗೆ ಬರೆಯುವುದು ಅದಕ್ಕಿಂತ ಸುಲಭವಾಗಿತ್ತು.

ಇಂತಿ,
ಯಾರ ಮಾತನ್ನು ನೀವು ನಂಬಿದಂತೆ ನಟಿಸಿದಿರೋ, ಆ ಸಾಕ್ಷಿ
ಮೊದಲ ವರ್ಷ, ನರ್ಸಿಂಗ್