ಮೂಟೆಯ ತಳದ ಹಿಂಡಿ

ಅತ್ತೆ,

ನಮ್ಮ ಹಸುವಿನ ತಪ್ಪಲ್ಲ! ಹಾಲಿಗೆ ಬೂಷ್ಟಿನ ವಿಷ ಬರುತ್ತಿರುವುದು ಹಿಂಡಿ ಮೂಟೆಯಿಂದಲೇ ಎಂದು ಈಗಷ್ಟೇ ನಮ್ಮ ಲ್ಯಾಬಿನಿಂದ ಫೋನ್ ಬಂತು. ನಾನು ಪ್ರತಿ ಸಲ ಮೂಟೆಯ ಬಾಯಿಂದ ಒಂದು ಹಿಡಿ ತೆಗೆದು ಪರೀಕ್ಷಿಸಿ, ಏನೂ ಇಲ್ಲ ಎನ್ನುತ್ತಿದ್ದೆ. "ಒದ್ದೆ ಗೋಡೆಗೆ ಒತ್ಕೊಂಡಿರೋ ತಳಕ್ಕೆ ಕೈ ಹಾಕಮ್ಮಾ, ಲ್ಯಾಬ್ ಮೇಡಂ!" ಎಂದು ಬೈದು ನೀವು ತುಂಬಿಕೊಟ್ಟ ಡಬ್ಬಿಯಲ್ಲೇ ಸಿಕ್ಕಿಬಿತ್ತು!

ಹತ್ತು ಗಂಟೆಗೆ ಹಸು ಕೊಳ್ಳಲು ಬರುವವರನ್ನು ವಾಪಸ್ ಕಳಿಸಿ. ಮರೆಯಬೇಡಿ.

ಆ ಮೂಟೆ ಮುಟ್ಟಬೇಡಿ, ಎಸೆಯಲೂ ಬೇಡಿ, ನನಗೆ ಬೇಕು. ಹೊಸ ಹಿಂಡಿ ಹಾಕಿದರೆ ವಾರದಲ್ಲಿ ಹಾಲು ಸರಿಹೋಗುತ್ತದೆ. ಅಲ್ಲಿಯವರೆಗೆ ಪುಟ್ಟಿಗೆ ಪ್ಯಾಕೆಟ್ ಹಾಲೇ. ಮನೆಯ ಹಾಲು ಎಷ್ಟು ಕುದಿಸಿದರೂ ವಿಷ ಹೋಗುವುದಿಲ್ಲ, ದಯವಿಟ್ಟು ಕುದಿಸಿ ನೋಡಬೇಡಿ.

ವರದಿಯಲ್ಲಿ 'ಮಾದರಿ ತೆಗೆದವರು' ಎಂಬಲ್ಲಿ ನಿಮ್ಮ ಹೆಸರು ಬರೆಸಲು ಓಡುತ್ತಿದ್ದೇನೆ.

ನಿಮ್ಮ ಸೊಸೆ