ವ್ಯಾನ್ ಹತ್ತದ ಹೆಡ್‌ಮಾಸ್ಟರು

ಜೂನ್ 4, ಬೆಳಿಗ್ಗೆ

ಸ್ನಾನ ಆಯಿತು. ನನ್ನದಲ್ಲ, ಹೆಡ್‌ಮಾಸ್ಟರದು. ಟವೆಲ್ ತರುವಷ್ಟರಲ್ಲಿ ಮೈ ಕೊಡವಿ, ಅಕ್ಕ ಮಡಚಿಟ್ಟಿದ್ದ ಬಟ್ಟೆಯನ್ನೆಲ್ಲ ಮತ್ತೆ ಹಗ್ಗಕ್ಕೆ ಕಳಿಸಿದರು.

"ಮನೆ ಅಳಿಯನಿಗೂ ಯಾರೂ ಇಷ್ಟು ಉಪಚಾರ ಮಾಡಲ್ಲ ಕಣೇ," ಅಂದಳು ಅಕ್ಕ.

ನಾಯಿಯೇ. ಬಿಳಿ ಹುಬ್ಬು, ಗಂಭೀರ ಮುಖ. ಎದುರಿಗೆ ಯಾರೇ ನಿಂತರೂ ಹೋಮ್‌ವರ್ಕ್ ಮಾಡಿಲ್ಲವೇ ಎನ್ನುವ ನೋಟ. ಅದಕ್ಕೇ ನಮ್ಮ ಬೀದಿನಾಯಿ ಶೆಲ್ಟರ್‌ನಲ್ಲಿ ಆ ಹೆಸರು ಬಿತ್ತು. ಹೆಸರಿನ ಬಾಲಕ್ಕೆ ಬಹುವಚನವೂ ಅಂಟಿಕೊಂಡಿತು. ಡೈರಿಯಲ್ಲೂ ಬಿಡಲಾಗುತ್ತಿಲ್ಲ.

ಲಾರಿ ಹೊಡೆದು ಹೆದ್ದಾರಿಯ ಚರಂಡಿಯಲ್ಲಿ ಬಿದ್ದಿದ್ದವರು. ಸೊಂಟ ಕೂಡಿಕೊಂಡಿತು, ನೊಂದ ಮಕ್ಕಳಿಗೆ ಜೊತೆಯಾಗುವ ತರಬೇತಿಯೂ ಮುಗಿಯಿತು. ಮಕ್ಕಳ ಆರೈಕೆ ಕೇಂದ್ರದಲ್ಲಿ ಇವತ್ತು ಮೊದಲ ಡ್ಯೂಟಿ. ಒಂದೇ ತಕರಾರು — ವಾಹನ ಹತ್ತುವುದಿಲ್ಲ. ಹತ್ತಿಸಿದರೆ ನಡುಕ, ಜೊಲ್ಲು, ವಾಂತಿ. ಹಾಗಾಗಿ ಒಳರಸ್ತೆಗಳಲ್ಲಿ ನಡೆದೇ ಹೋಗಬೇಕು. ನನಗೂ ತೂಕ ಇಳಿದೀತು… ನೋಡೋಣ.

ಅದೇ ದಿನ, ಸಂಜೆ

ಮಕ್ಕಳೆಲ್ಲ ಮುತ್ತಿಕೊಂಡರು. ಹೆಡ್‌ಮಾಸ್ಟರು ಅಂಗಾತ ಬಿದ್ದು ಹೊಟ್ಟೆ ತೋರಿಸಿದರು. ಹುದ್ದೆಯ ಮರ್ಯಾದೆ ಹೋಯಿತು.

ಒಬ್ಬಳು ಮಾತ್ರ ಹತ್ತಿರ ಬರಲಿಲ್ಲ. ಒಂಬತ್ತರ ಹುಡುಗಿ, ವೀಲ್‌ಚೇರು, ಎಡಗಾಲಿಗೆ ಪಟ್ಟಿ. ಊಟ? ಬೇಡ. ಆಟ? ಬೇಡ. ಅವಳ ಅಮ್ಮನೇ ಇಟ್ಟ ಹೆಸರು ಬೇಡಮ್ಮ.

ಕೌನ್ಸೆಲರ್ ಮೇಡಂ ಆಮೇಲೆ ಹೇಳಿದರು. ಶಾಲೆಯ ವ್ಯಾನು ಪಲ್ಟಿ ಹೊಡೆದಿತ್ತಂತೆ. ಮಕ್ಕಳೆಲ್ಲ ಬದುಕಿ ಹೊರಬಂದರು. ಇವಳ ಕಾಲು ಸೀಟಿನಡಿ ಸಿಕ್ಕಿ, ತಗಡು ಕತ್ತರಿಸುವತನಕ ಒಬ್ಬಳೇ ಒಳಗೆ. ಮೂಳೆ ಸೊಟ್ಟಗೆ ಕೂಡಿದೆ. ಪಕ್ಕದ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಗಲೇಬೇಕು.

"ಮದ್ದು ಕೊಟ್ಟು ಮಲಗಿಸಿ ಕರ್ಕೊಂಡು ಹೋದ್ರೆ?" ಎಂದೆ.

"ಒಂದ್ಸಲ ಹಾಗೇ ಮಾಡಿದ್ರು. ಅರ್ಧ ದಾರೀಲಿ ಎಚ್ಚರ ಆಗೋಯ್ತು. ಆ ಕಿರುಚಾಟ ಅವ್ಳ ಅಮ್ಮ ಇನ್ನೂ ಮರ್ತಿಲ್ಲ. ಈಗ ವ್ಯಾನ್ ಅಂದ್ರೇನೇ ಮುಖ ಬಿಳಿಚ್ಕೊಳ್ಳುತ್ತೆ. ತಡ ಮಾಡಿದ್ರೆ ಕಾಲು ಹೀಗೇ ಉಳಿಯುತ್ತೆ ಅಂತಾರೆ ಮೂಳೆ ಡಾಕ್ಟ್ರು."

ಮನೆಗೆ ಬರುವಾಗ ದಾರಿ ಉದ್ದವೆನಿಸಿತು.

ಜೂನ್ 11

ಬೇಡಮ್ಮ ಮಾತಾಡಿದಳು! ಕುರ್ಚಿ ತಾನೇ ತಳ್ಳಿಕೊಂಡು ಬಂದಳು.

"ನಾಯಿ ಆಂಟಿ, ಇವ್ರು ಯಾಕೆ ದಿನಾ ನಡ್ಕೊಂಡೇ ಬರ್ತಾರೆ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಲಾರಿಯ ಕಥೆ ಹೇಳಿದೆ. ಕೇಳಿಸಿಕೊಂಡಳು.

"ವಾಂತಿ ಮಾಡ್ಕೋತಾರಾ?"

"ಹ್ಞೂಂ."

"ನಾನೂ." ಬಗ್ಗಿ ಅವರ ಕಿವಿಯಲ್ಲಿ: "ಇಷ್ಟು ದೊಡ್ಡವ್ರಾಗಿ ನಾಚ್ಕೆ ಆಗಲ್ವಾ ಸಾರ್?"

ಸಾರ್ ಅವಳ ಮೂಗು ನೆಕ್ಕಿದರು. ನಕ್ಕಳು. ಅವಳ ಅಮ್ಮ ಬಾಗಿಲ ಬಳಿ ನಿಂತಿದ್ದರು. ಸೆರಗಿನಲ್ಲೋ ತೋಳಿನಲ್ಲೋ ಕಣ್ಣೊರೆಸಿಕೊಂಡರು, ಸರಿಯಾಗಿ ನೋಡಲಿಲ್ಲ — ನನ್ನ ಕಣ್ಣೂ ಮಂಜಾಗಿತ್ತು.

"ನಾಯಿ ಆಂಟಿಯಂತೆ!" ಅಕ್ಕ ರಾತ್ರಿ ಊಟಕ್ಕೆ ಕೂತಾಗಲೂ ನಗುತ್ತಿದ್ದಳು.

ಜೂನ್ 13

ಬೇಡಮ್ಮನ ಆಜ್ಞೆ ಹೊರಟಿದೆ. ಹೆಡ್‌ಮಾಸ್ಟರಿಗೆ ವ್ಯಾನ್ ಹತ್ತುವುದನ್ನು ತಾನೇ ಕಲಿಸುತ್ತಾಳಂತೆ. ತಾನು ಹತ್ತುವ ಮಾತಿಲ್ಲ, ಅವರಿಗೆ ಮಾತ್ರ.

ಕೌನ್ಸೆಲರ್ ಮೇಡಂ ಒಪ್ಪಿದರು. ಒಂದೇ ಕಟ್ಟಳೆ: ಇಬ್ಬರಲ್ಲಿ ಯಾರು ಹಿಂದೆ ಸರಿದರೂ ಅವತ್ತಿಗೆ ಪಾಠ ಬಂದ್. ಎಳೆಯುವಂತಿಲ್ಲ, ಪುಸಲಾಯಿಸುವಂತಿಲ್ಲ.

ಕೇಂದ್ರದ ಡ್ರೈವರಣ್ಣನಿಗೆ ಬೇಸರ. "ನನ್ ವ್ಯಾನ್ ಏನು ಹುಲಿ ಗುಹೆನಾ ಮೇಡಂ? ದಿನಾ ತೊಳೀತೀನಿ!"

ಅಕ್ಕನ ಅಭಿಪ್ರಾಯ: "ನಾಯಿಗೆ ಹೇಳಿದ್ರೆ ನಾಯಿ ಬಾಲಕ್ಕೆ ಹೇಳ್ತಂತೆ. ಆಯ್ತು ನಿಮ್ ಪಾಠ."

ಜೂನ್ 21

ಮೊದಲು ಗೇಟಿನಿಂದ ನೋಡಿದ್ದು. ಆಮೇಲೆ ಟೈರು ಮೂಸಿದ್ದು. (ಟೈರಿಗೆ ಹೆಡ್‌ಮಾಸ್ಟರು ಮಾಡಿದ ಅಭಿಷೇಕವನ್ನು ಡ್ರೈವರಣ್ಣ ಕ್ಷಮಿಸಿದ್ದಾನೆ.) ಇವತ್ತು ತೆರೆದ ಬಾಗಿಲ ಪಕ್ಕ ಬಿಸ್ಕತ್ತು.

ಪಾಠ ಮಾಡುವವಳ ಮುಷ್ಟಿ ಬಿಗಿಯಾಗುತ್ತದೆ. ಬಿಸ್ಕತ್ತು ಪುಡಿಯಾಗುತ್ತದೆ. ಪುಡಿಯೇ ಅವರಿಗಿಷ್ಟ.

ಜುಲೈ 1, ಮಧ್ಯಾಹ್ನ

ಬರೆಯಲೇಬೇಕು, ಈಗಲೇ.

ಎಂಜಿನ್ ಆಫ್. ಹೆಡ್‌ಮಾಸ್ಟರು ಮುಂಗಾಲು ಮೆಟ್ಟಿಲ ಮೇಲಿಟ್ಟು ನಿಂತುಬಿಟ್ಟರು. ಮುಂದಕ್ಕಿಲ್ಲ, ಹಿಂದಕ್ಕಿಲ್ಲ. "ಒಳಗಿಂದ ಕರೀಬೇಕು ಇವ್ರನ್ನ," ಎಂದು ಗೊಣಗುತ್ತಾ ಬೇಡಮ್ಮ ಕುರ್ಚಿಯಿಂದ ಜಾರಿ, ಅಮ್ಮನ ಭುಜ ಹಿಡಿದು, ಮೆಟ್ಟಿಲ ಮೇಲೆ ಕೂತಳು. ಕೂತಲ್ಲಿಂದಲೇ ತೆವಳಿ ಒಳಗೆ. "ಬನ್ನಿ ಸಾರ್. ಬನ್ನಿ ಬನ್ನಿ." ಸಾರ್ ಹಾರಿ ಅವಳ ಪಕ್ಕ.

ಅವಳು ಸುತ್ತ ನೋಡಿದಳು.

"ಅಮ್ಮಾ… ನಾನು ಒಳಗಿದೀನಿ ಅಲ್ವಾ?"

"ಇದೀಯ ಕಂದ."

"ಇಳೀತೀನಿ."

ಇಳಿದಳು. ಪಾಠ ಬಂದ್. ಆದರೆ ಹಾಲು ಕುಡಿದಷ್ಟು ಸಂತೋಷ ನಮಗೆಲ್ಲ. ಡ್ರೈವರಣ್ಣ ವ್ಯಾನನ್ನು ಇನ್ನೊಂದು ಸಲ ತೊಳೆದ, ಕಾರಣವಿಲ್ಲದೆ.

ಜುಲೈ 3

ಹೋದರು. ಇಬ್ಬರೂ ವ್ಯಾನಿನೊಳಗಿದ್ದಾಗ ಹೊರಗೆ ರಸ್ತೆಯಲ್ಲಿ ಲಾರಿಯೊಂದರ ಟೈರು ಸಿಡಿಯಿತು. ಹೆಡ್‌ಮಾಸ್ಟರು ನನ್ನ ಕೈಲಿದ್ದ ಕೊರಳ ಹಗ್ಗ ಕಿತ್ತುಕೊಂಡು ಗೇಟು ದಾಟಿದರು. ಓಡಿದೆ. ಸಿಗಲಿಲ್ಲ.

"ನಾನೇ ಹತ್ಸಿದ್ದು," ಎಂದು ಬೇಡಮ್ಮ ಬಿಕ್ಕಿಬಿಕ್ಕಿ ಅತ್ತಳು.

ಜುಲೈ 4

ಇಲ್ಲ. ಅಕ್ಕ ಪಾರ್ಕಿನಲ್ಲೆಲ್ಲ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು ಬಂದಳು. ಅಕ್ಕ!

ಜುಲೈ 6, ರಾತ್ರಿ

ಎಲ್ಲಿಂದ ಶುರು ಮಾಡಲಿ…

ಬೆಳಿಗ್ಗೆ ಶೆಲ್ಟರ್‌ಗೆ ಫೋನ್. ಕಾಲುವೆಯಾಚೆ ಬಿಳಿ ಹುಬ್ಬಿನ ನಾಯಿ ಕಂಡಿದೆ, ಹತ್ತಿರ ಹೋದರೆ ಓಡುತ್ತದೆ. ಕೇಂದ್ರದ ವ್ಯಾನ್ ಕೇಳಲು ಹೋದೆ. ಬೇಡಮ್ಮ ವರಾಂಡದಲ್ಲಿ ಕೇಳಿಸಿಕೊಂಡಳು.

"ನಾನು ಕರೆದ್ರೆ ಬರ್ತಾರೆ. ನಾನೂ ಬರ್ತೀನಿ."

ಕೌನ್ಸೆಲರ್ ಮೇಡಂ ಅವಳ ಮುಂದೆ ಮಂಡಿಯೂರಿದರು. "ನೀನು ಬರ್ಲಿಲ್ಲ ಅಂದ್ರೂ ಹುಡುಕ್ತೀವಿ. ನಿಜವಾಗ್ಲೂ ಬರ್ತೀಯಾ?"

"ಬರ್ತೀನಿ. ನಿಲ್ಸಿ ಅಂದಾಗ ನಿಲ್ಸ್ಬೇಕು."

ಡ್ರೈವರಣ್ಣ ಎತ್ತಿನ ಗಾಡಿಯಂತೆ ಓಡಿಸಿದ. ಹಿಂದಿನವರು ಹಾರ್ನ್ ಹೊಡೆದು ಬೈದು ಹೋದರು, ಅವನು ಕಿವಿಗೇ ಹಾಕಿಕೊಳ್ಳಲಿಲ್ಲ. ಹುಡುಗಿ ಕಣ್ಣು ಮುಚ್ಚಿ ಅಮ್ಮನ ಕೈಯನ್ನೂ ನನ್ನ ಕೈಯನ್ನೂ ಹಿಡಿದಿದ್ದಳು. ತಿರುವಿನಲ್ಲಿ "ನಿಲ್ಸಿ!" ನಿಂತಿತು. ಬೆವರು. ನೀರು ಕುಡಿದಳು. "ಹ್ಞಾಂ, ಹೋಗಿ." ಮತ್ತೆ "ನಿಲ್ಸಿ!" ಮತ್ತೆ "ಹೋಗಿ." ಕಾಲುವೆ ದಾಟಿದ ಮೇಲೆ ಕಣ್ಣು ತೆರೆದಳು — ತೆರೆಯದೆ ಹುಡುಕುವುದು ಹೇಗೆ? ಕಿಟಕಿಗೆ ಮುಖವಿಟ್ಟು ಕೂಗತೊಡಗಿದಳು. "ಸಾರ್! ಹೆಡ್‌ಮಾಸ್ಟರ್ ಸಾರ್!" ದಾರಿಹೋಕರೆಲ್ಲ ತಿರುಗಿ ನೋಡಿದರು. ಮುದುಕರೊಬ್ಬರು "ಯಾರಮ್ಮ, ನನ್ನನ್ನಾ?" ಎಂದರು.

ಸಿಕ್ಕಿದ್ದು ಎಲ್ಲಿ? ಮಳೆಗೆ ರಜೆ ಕೊಟ್ಟು ಮುಚ್ಚಿದ್ದ ಶಾಲೆಯೊಂದರ ಜಗುಲಿಯಲ್ಲಿ.

"ಡ್ಯೂಟಿಗೆ ರಿಪೋರ್ಟ್ ಮಾಡ್ಕೊಂಡಿದಾರೆ!" ಡ್ರೈವರಣ್ಣ ಸ್ಟೀರಿಂಗ್ ಬಡಿದು ನಕ್ಕ.

ಅವಳ ದನಿ ಕೇಳಿ ಕೆಸರುಮಯವಾಗಿ ಎದ್ದು ಬಂದರು. ವ್ಯಾನ್ ಕಂಡು ನಿಂತರು. ನಡೆಸಿಕೊಂಡೇ ಹೋಗುತ್ತೇನೆ ಎಂದು ನಾನು ಇಳಿದೆ. ಎಂಜಿನ್ ಆಫ್. ಹುಡುಗಿ ಪಕ್ಕದ ಸೀಟು ತಟ್ಟಿದಳು. ಅವರು ನನ್ನನ್ನು ನೋಡಿದರು, ಅವಳನ್ನು ನೋಡಿದರು. ಬಾಲ ಕಾಲ ನಡುವೆ ಸೇರಿಸಿಕೊಂಡೇ… ಹತ್ತಿದರು.

ಬರುವಾಗ ಇಬ್ಬರೂ ನಡುಗಿದರು. ಅವರ ತಲೆ ಅವಳ ಮಡಿಲಲ್ಲಿ. "ಆಯ್ತು ಸಾರ್, ಬಂತು ಸಾರ್, ಇದೊಂದೇ ತಿರುವು." ಯಾರು ಯಾರಿಗೆ ಹೇಳಿದ್ದೋ. ಕೊನೆಗೆ ಡ್ರೈವರಣ್ಣನ ಹೊಸ ಮ್ಯಾಟಿನ ಮೇಲೆ ವಾಂತಿ. ಹೆಡ್‌ಮಾಸ್ಟರದೇ. ಅವಳದಲ್ಲ. ಅದನ್ನು ಅವಳೇ ಎಲ್ಲರಿಗೂ ಹೇಳಿಕೊಂಡು ತಿರುಗಿದಳು.

ಜುಲೈ 19

ಹೋಗಿ ಸೇರಿದೆವು, ದೊಡ್ಡ ಆಸ್ಪತ್ರೆಗೆ. ಎಚ್ಚರವಿದ್ದೇ ಬಂದಳು. ದಾರಿಯಲ್ಲಿ ಎರಡು ಕಡೆ ನಿಲ್ಲಿಸಿದ್ದು — ಒಂದು ಅವಳಿಗೆ, ಒಂದು ನಾಯಿಗೆ. ನಾಳೆ ಆಪರೇಷನ್. ವಾರ್ಡಿನ ನರ್ಸಮ್ಮ ಹೆಡ್‌ಮಾಸ್ಟರನ್ನು ಒಳಗೆ ಬಿಡಲಿಲ್ಲ. ಅವರನ್ನು ಕಿಟಕಿಯ ಕೆಳಗೆ ನಿಲ್ಲಿಸಿಕೊಂಡು ಒಳಗಿದ್ದ ಅವಳಿಗೆ ಕೈಬೀಸಿದೆವು.

ಜುಲೈ 20

ಆಯಿತು. ಚೆನ್ನಾಗಿ ಆಯಿತು ಎಂದರು ಡಾಕ್ಟರು. ಅವಳಮ್ಮ ನನ್ನನ್ನು ತಬ್ಬಿದರು, ಡಾಕ್ಟರನ್ನು ತಬ್ಬಿದರು, ಕಸ ಗುಡಿಸುತ್ತಿದ್ದವರನ್ನೂ ತಬ್ಬಿದರು.

ಆಗಸ್ಟ್ 17, ವ್ಯಾನಿನಲ್ಲಿ

ಬೇಡಮ್ಮನ ಕಾಲನ್ನು ಡಾಕ್ಟರಿಗೆ ತೋರಿಸಿಕೊಂಡು ವಾಪಸ್ ಬರುತ್ತಿದ್ದೇವೆ. ಮೂಳೆ ನೆಟ್ಟಗೆ ಕೂಡುತ್ತಿದೆ. ವಾಕರ್ ಹಿಡಿದು ಕಾರಿಡಾರಿನ ತುದಿಯವರೆಗೆ ನಡೆದಳು. ಅಕ್ಕನೂ ಬಂದಿದ್ದಾಳೆ, "ಸುಮ್ನೆ, ಗಾಳಿ ತಗೊಳ್ಳೋಕೆ" ಅಂತೆ. ಹೆಡ್‌ಮಾಸ್ಟರು ಅಕ್ಕನ ಭುಜಕ್ಕೊರಗಿ ಗೊರಕೆ. ತೋಳೆಲ್ಲ ಜೊಲ್ಲು. ಅಲ್ಲಾಡಿದರೆ ಎದ್ದಾರು ಎಂದು ಅಕ್ಕ ಕಲ್ಲಿನ ಹಾಗೆ ಕೂತಿದ್ದಾಳೆ.

ಡ್ರೈವರಣ್ಣನಿಗೆ ಬೇಡಮ್ಮನ ಕಾಟ: "ಇನ್ನೂ ಸ್ವಲ್ಪ ಜೋರಾಗಿ ಅಣ್ಣಾ!" ಅಕ್ಷರಗಳು ಕುಣಿಯುತ್ತಿವೆ. ಸೇತುವೆ ಬಂತಂತೆ, ಕೆಳಗೆ ನೀರಿನಲ್ಲಿ ಏನೋ ಇದೆಯಂತೆ. ಎಲ್ಲರೂ ನೋಡಬೇಕಂತೆ, ಬೇಗ, ನಾನೂ. ಬಂದೆ ಮಹಾರಾಯ್ತಿ, ಈ ಒಂದು ಸಾಲು ಮುಗಿಸಿ… ಅಯ್ಯೋ, ಪೆನ್ನು ಎಳೀಬೇಡ್ವೇ!