ಉಗ್ರಾಣಕ್ಕೆ ಗುಲಾಬಿ ಬಣ್ಣ

ಕಳಸ
೬ ಮಾರ್ಚ್ ೨೦೨೫

ಪ್ರೀತಿಯ ಸುಕನ್ಯಾ,

ಆಶೀರ್ವಾದಗಳು. ನೀನು, ಧರ್ಮೇಶ, ಮಗು ಗಗನಾ ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಎರಡು ತಿಂಗಳಿಗೊಮ್ಮೆ ಚಿಕ್ಕಮಗಳೂರಿಗೆ ಬಂದರೂ ನಿನ್ನ ಟೈಲರಿಂಗ್ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಮದುವೆಗೆ ಒಂದು ಕುಕ್ಕರ್ ಕಳಿಸಿ ಕೈ ತೊಳೆದುಕೊಂಡೆ. ಈ ಕಾಗದವೂ ತಡವಾಯಿತು, ಎಷ್ಟು ತಡವೆಂದು ಹೇಳಲು ನಾಚಿಕೆಯಾಗುತ್ತದೆ. ಫೋನ್ ಮಾಡಬಹುದಿತ್ತು. ಮಾಡಿದರೆ ನೀನು "ಪರವಾಗಿಲ್ಲ ಬಿಡಿ ಅಕ್ಕ" ಅನ್ನುತ್ತೀಯ, ಅದನ್ನು ಕೇಳುವ ತಾಳ್ಮೆ ನನಗಿಲ್ಲ.

ನಿನ್ನ ಮೇಲೆ ನನಗೆ ಕೆಟ್ಟ ಕೋಪ ಬಂದಿದೆ. ಈ ಮನೆಯವರ ಮೇಲೂ ಬಂದಿದೆ. ಮೊದಲು ಇವರ ಕಥೆ ಕೇಳು.

ನಾವು ಇಬ್ಬರು ಹೆಣ್ಣುಮಕ್ಕಳ ಪೋಷಕತ್ವಕ್ಕೆ ಅರ್ಜಿ ಹಾಕಿದ್ದು ನಿನಗೂ ತಿಳಿದಿದೆ. ಅಕ್ಕ ತಂಗಿ, ಹನ್ನೊಂದು ಮತ್ತು ಎಂಟು ವರ್ಷ. ದತ್ತು ಅಲ್ಲ, ಇಲ್ಲಿದ್ದು ಓದಿ ಬೆಳೆಯುತ್ತವೆ. ಮುಂದಿನ ಶುಕ್ರವಾರ, ಹದಿನಾಲ್ಕಕ್ಕೆ, ಮಕ್ಕಳ ರಕ್ಷಣಾ ಘಟಕದ ಸೌಮ್ಯ ಮೇಡಂ ಮೊದಲ ಸಲ ಮನೆ ನೋಡಲು ಬರುತ್ತಾರೆ. ಅವರು ಬೇಡವೆಂದು ಬರೆದರೆ ಆ ಮಕ್ಕಳು ನಮಗಿಲ್ಲ.

ಇಲ್ಲಿ ನಡೆದಿರುವ ತಯಾರಿ ನೋಡಿದರೆ ಹೆಣ್ಣು ನೋಡಲು ಬರುತ್ತಿದ್ದಾರೆ ಅನ್ನಬೇಕು. ಮೈದುನ ಚನ್ನಬಸವ ಮೇಡಂಗೆಂದು ಐದು ಕೆಜಿ ಕಾಫಿಪುಡಿ ಕಟ್ಟಿಸಿ ತಂದಿಟ್ಟಿದ್ದಾನೆ. ಇದು ಲಂಚ ಆಗುತ್ತೆ ಮಾರಾಯ ಎಂದರೆ, "ಬರಿಗೈಲಿ ಕಳ್ಸಕ್ಕಾಗುತ್ತಾ ಅತ್ತಿಗೆ? ನಮ್ಮ ಮರ್ಯಾದೆ ಏನಾಗ್ಬೇಕು?" ಅನ್ನುತ್ತಾನೆ. ಅತ್ತೆಯಂತೂ, "ದೊಡ್ಡದು ನಿಂಗೊಂದು ಕೈ ಆಸರೆ ಆಗುತ್ತೆ ಬಿಡು, ಪಾತ್ರೆ ಗೀತ್ರೆ ನೋಡ್ಕೊಳ್ಳುತ್ತೆ" ಎಂದರು. ಮೇಡಂ ಎದುರಿಗೂ ಹೀಗೇ ಅಂದಾರೆಂದು ಅವತ್ತೊಂದು ದಿನ ಅವರನ್ನು ಬಾಳೆಹೊನ್ನೂರಿನ ನಾದಿನಿ ಮನೆಗೆ ಸಾಗಹಾಕುವ ಯೋಚನೆ ನಡೆದಿದೆ.

ಯಜಮಾನರದು ಇನ್ನೂ ಚೆಂದ. ಕಾಫಿ ಮೂಟೆಗಳೆಲ್ಲ ಕ್ಯೂರಿಂಗ್ ಕಾರ್ಖಾನೆಗೆ ಹೋದ ಮೇಲೆ ಅಡುಗೆಮನೆ ಪಕ್ಕದ ಉಗ್ರಾಣ ಖಾಲಿಯಾಯಿತಲ್ಲ, ಅದಕ್ಕೆ ಗುಲಾಬಿ ಬಣ್ಣ ಹೊಡೆಸಿ, ಗೋಡೆಗೆ ಚಿಟ್ಟೆ ಅಂಟಿಸಿ, ಮಕ್ಕಳ ರೂಮು ಎಂದು ನನ್ನನ್ನು ಕರೆದು ತೋರಿಸಿದರು. ಕಿಟಕಿ ಎಲ್ಲಿ ಎಂದೆ. "ಬಾಗಿಲು ತೆಗೆದಿಟ್ರೆ ಗಾಳಿ ಬರುತ್ತಲ್ಲ. ಸುಕನ್ಯಾ ಏಳು ವರ್ಷ ಇಲ್ಲೇ ಮಲಗ್ತಿದ್ಲು, ಅವಳಿಗೇನಾಯ್ತು?" ಎಂದರು. ಮಹಡಿಯಲ್ಲಿ ಎರಡು ಕೋಣೆ ಖಾಲಿ ಬಿದ್ದಿವೆ, ಸುಕನ್ಯಾ. ಆಗಲೂ ಖಾಲಿಯೇ ಇದ್ದವು. ಕೈಯಲ್ಲಿದ್ದ ಪೊರಕೆಯನ್ನು ಆ ಚಿಟ್ಟೆಗಳ ಮೇಲೆ ಎಸೆದು ಹೊರಗೆ ಬಂದೆ.

ಇವರನ್ನು ಬೈದು ಏನು ಬಂತು? ನನ್ನ ಮೂರ್ಖತನ ಎಲ್ಲರದನ್ನೂ ಮೀರಿಸಿದ್ದು. ಅರ್ಜಿಯಲ್ಲಿ ಮಕ್ಕಳನ್ನು ಬೆಳೆಸಿದ ಅನುಭವ ಇದೆಯೇ ಎಂದು ಕೇಳಿದ್ದರು. 'ಕೂಲಿಯವರ ಹುಡುಗಿಯೊಬ್ಬಳನ್ನು ಒಂಬತ್ತನೇ ವಯಸ್ಸಿನಿಂದ ಏಳು ವರ್ಷ ಮನೆಮಗಳಂತೆ ಸಾಕಿದ್ದೇವೆ' ಎಂದು ನಾನೇ ಹೆಮ್ಮೆಯಿಂದ ಬರೆದೆ. ಕೆಳಗೆ ನಿನ್ನ ಹೆಸರು, ನಿನ್ನ ನಂಬರು. ನಮ್ಮ ಕಡೆ ಎಸ್ಟೇಟಿನ ಕೂಲಿ ಲೈನಿನಿಂದ ಒಂದು ಹುಡುಗಿಯನ್ನು ತಂದಿಟ್ಟುಕೊಂಡು ಮನೆಮಗಳು ಅನ್ನುವುದು ಎಷ್ಟು ರೂಢಿಯೆಂದರೆ, ಬರೆಯುವಾಗ ನನ್ನ ಕೈ ಒಂದು ಕ್ಷಣವೂ ತಡೆಯಲಿಲ್ಲ.

ಮೊನ್ನೆ ಮೇಡಂ ಫೋನ್ ಮಾಡಿದರು. "ಸುಕನ್ಯಾ ಅವ್ರ ಹತ್ರ ಮಾತಾಡಿದೆ, ನಿಮ್ಮ ಬಗ್ಗೆ ಒಳ್ಳೇದೇ ಹೇಳಿದ್ರು. ಏಳನೇ ಕ್ಲಾಸಿಗೇ ಓದು ಯಾಕೆ ನಿಲ್ತು ಅಂತ ಕೇಳ್ದೆ. 'ಅವ್ರದ್ದೇನೂ ತಪ್ಪಿಲ್ಲ ಮೇಡಂ, ನಮ್ಮಮ್ಮನೇ ಸಾಕು ಅಂದ್ಲು, ಆಮೇಲೆ ನನ್ನ ನೋಡೋಕೂ ಬರ್ಲಿಲ್ಲ' ಅಂದ್ರು" ಎಂದರು. ಯಜಮಾನರು ಪಕ್ಕದಲ್ಲೇ ಕೇಳುತ್ತಿದ್ದರು. "ಪಾಸಾದ್ವಿ ಬಿಡು!" ಎಂದು ನಕ್ಕರು.

ನನಗೆ ಮೈಯೆಲ್ಲ ಉರಿಯಿತು. ಯಾಕೆ ಹಾಗೆ ಹೇಳಿದೆ? ನಿನ್ನ ದೊಡ್ಡತನ ಯಾರಿಗೆ ಬೇಕಿತ್ತು? ಬೆಳಗ್ಗೆ ಐದಕ್ಕೆ ಎದ್ದು ಒಲೆ ಹಚ್ಚುತ್ತಿದ್ದೆ ಎನ್ನಬಾರದಿತ್ತೇ? ಎಲ್ಲರ ಊಟವಾದ ಮೇಲೆ ಹಿತ್ತಲ ಬಾಗಿಲಲ್ಲಿ ಕೂತು ಉಣ್ಣುತ್ತಿದ್ದೆ, ನನ್ನ ತಟ್ಟೆ ಲೋಟ ಬೇರೆ ಇದ್ದವು ಎನ್ನಬಾರದಿತ್ತೇ? ಸ್ವಂತ ಅಂಗಡಿ ನಡೆಸುವ ಹೆಂಗಸು ನೀನು, ಈಗಲೂ ನಮಗೆ ಹೆದರುತ್ತೀಯಾ? ಹೆದರದೆ, ನಿಜಕ್ಕೂ ನಂಬಿಯೇ ಹೇಳಿದ್ದರೆ ಅದು ಇನ್ನೂ ಕೆಟ್ಟದ್ದು.

ಶುಕ್ರವಾರ ಮೇಡಂಗೆ ನಾನೇ ಎಲ್ಲ ಹೇಳುತ್ತೇನೆ. ಹಾಗೆಂದದ್ದಕ್ಕೆ ಯಜಮಾನರು, "ತಲೆ ಕೆಟ್ಟಿದ್ಯಾ ನಿಂಗೆ? ಮಕ್ಳು ಕೈ ತಪ್ಪಿ ಹೋಗ್ತವೆ" ಎಂದು ಮಾತು ಬಿಟ್ಟಿದ್ದಾರೆ. ಹೋದರೆ ಹೋಗಲಿ ಎಂದು ಅವರ ಮುಂದೆ ಜೋರು ಮಾಡಿದ್ದೇನೆ. ಆದರೆ ಮಹಡಿಯ ಕೋಣೆ ಗುಡಿಸಿ ಎರಡು ಮಂಚ ಹಾಕಿಸಿದ್ದೇನೆ, ಹಲ್ಲುಜ್ಜಲು ಎರಡು ಪುಟ್ಟ ಬ್ರಷ್ ತಂದಿದ್ದೇನೆ. ಆ ಮಕ್ಕಳು ನನಗೆ ಬೇಕು ಸುಕನ್ಯಾ. ಯೋಗ್ಯತೆ ಇಲ್ಲ ಎಂದು ಗೊತ್ತಿದ್ದೂ ಬೇಕು.

ಗಗನಾಗೆ ನನ್ನ ಮುತ್ತು. ಅವಳು ಓದಲಿ, ತಾನೇ ಸಾಕು ಅನ್ನುವ ತನಕ ಓದಲಿ. ನಿನ್ನ ಮನೆ ತುಂಬಿ ತಣ್ಣಗಿರಲಿ.

ಇಂತಿ,
ನಿನ್ನ ಪ್ರೇಮಕ್ಕ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಧೈರ್ಯ ಸಾಲಲಿಲ್ಲ. ನಿನ್ನ ಅಮ್ಮ ಬಂದಿದ್ದರು. ನಿನ್ನ ಏಳನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ, ಸಂಸೆಯಿಂದ ಬೆಳಗಿನ ಬಸ್ಸಿಗೆ. ಕುದುರೆಮುಖದ ಗಣಿಯಲ್ಲಿ ಕೆಲಸ ಹೋಗಿ ನಿನ್ನನ್ನು ನಮ್ಮಲ್ಲಿ ಬಿಟ್ಟಿದ್ದ ಮರಿಯಮ್ಮ, ಹಾಸ್ಟೆಲಿನಲ್ಲಿ ಸೀಟು ಸಿಕ್ಕಿದೆ, ಮಗಳನ್ನು ಎಂಟನೆಗೆ ಸೇರಿಸುತ್ತೇನೆ ಎಂದು ಬಂದಿದ್ದರು. ನೀನು ಬಟ್ಟೆ ಒಗೆಯಲು ಹೊಳೆಗೆ ಹೋಗಿದ್ದೆ. ನನಗೆ ಮೂರನೇ ಸಲ ಗರ್ಭ ಇಳಿದು ಹದಿನೈದು ದಿನವಾಗಿತ್ತು. ನೀನೂ ಹೋದರೆ ಈ ಮನೆಯಲ್ಲಿ ಹೇಗಿರಲಿ ಎನ್ನಿಸಿತು. ಗೇಟಿನಲ್ಲೇ ನಿಲ್ಲಿಸಿ, "ಅವಳಿಗೆ ನಿನ್ ಜೊತೆ ಬರೋಕೆ ಇಷ್ಟ ಇಲ್ಲ ಮರಿಯಮ್ಮ, ನಿನ್ನ ಮುಖ ನೋಡಲ್ಲ ಅಂತಾಳೆ" ಎಂದೆ. ಅವರು, "ಹಾಗಾದ್ರೆ ನಾನು ಬಂದಿದ್ದೆ ಅಂತ ಹೇಳ್ಬೇಡಿ ಅಮ್ಮ" ಎಂದು ಹೋದರು. ಸಂಜೆ ನಿನಗೆ, ಓದು ಸಾಕೆಂದು ನಿಮ್ಮಮ್ಮ ಹೇಳಿಕಳಿಸಿದ್ದಾಳೆ ಎಂದೆ. ಅತ್ತೆಗೆ ಗೊತ್ತಿಲ್ಲ, ಯಜಮಾನರಿಗೂ ಗೊತ್ತಿಲ್ಲ. ಮಾಡಿದವಳು ನಾನೊಬ್ಬಳೇ. ಮರಿಯಮ್ಮ ಇನ್ನೂ ಸಂಸೆಯಲ್ಲೇ ಇದ್ದಾರೆ. ನನ್ನನ್ನು ಬೈಯಲು ಆಮೇಲೆ ಬಾ. ಸಂಸೆಗೆ ಹೋಗುವ ಬಸ್ಸು ಕಳಸದಲ್ಲಿ ನಿಂತಾಗ ಇಳಿಯಬೇಡ.